ಸಕಲೇಶಪುರ ಘಾಟಿ ಕಂಪ್ಯೂಟರ್‌ನಲ್ಲಿ: ಏಳನೇ ವಾರ ಎಲ್ಲಿಗೆ ಬಂತು

ಹಾಸನ ಸ್ಟೇಷನ್‌ಗೆ ನಮ್ಮ ಮನೆ ಹತ್ತಿರ. ರಾತ್ರಿ ಗೂಡ್ಸ್ ಗಾಡಿ ಮಂಗಳೂರು ಕಡೆ ಹೊರಟರೆ ಹಾರ್ನ್ ಕೇಳಿಸುತ್ತದೆ. ಆ ಗಾಡಿ ಘಾಟಿ ಇಳಿಯುವುದನ್ನು ಕಂಪ್ಯೂಟರ್‌ನಲ್ಲಿ ಕಟ್ಟಬೇಕು ಅಂತ ಶುರು ಮಾಡಿದ ಕೆಲಸ ಇದು. ಯಾವ ರೈಲು ಗೇಮ್ ಚೆನ್ನಾಗಿದೆ ಅಂತ ನೋಡಲು ನನ್ನ ಹತ್ತಿರ ಒಂದೇ ಪರೀಕ್ಷೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಅದರಲ್ಲಿ ಹೇಗೆ ಬರುತ್ತದೆ? 57 ಸುರಂಗ, ಸಿಂಗಲ್ ಲೈನ್, 50 ಮೀಟರ್‌ಗೆ 1 ಮೀಟರ್ ಏರು.

ಜಾಸ್ತಿ ಸಮಯ ಹೋಗಿದ್ದು ಓಪನ್‌ಟಿಟಿಡಿಯಲ್ಲಿ. 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಮಾದರಿಯಲ್ಲಿ 2004ರಿಂದ ಜನ ಸೇರಿ ಬೆಳೆಸುತ್ತಿರುವ, ರೈಲು, ಬಸ್ಸು ಓಡಿಸಿ ಸಾರಿಗೆ ಕಂಪನಿ ನಡೆಸುವ ಉಚಿತ ಆಟ. ನೆಲದ ಎತ್ತರದ ಬೂದು ಬಣ್ಣದ ಚಿತ್ರ ಕೊಟ್ಟರೆ ಅದೇ ಬೆಟ್ಟ ಎಬ್ಬಿಸಿಕೊಡುತ್ತದೆ. ರೈಲಿಗೆ ಏರು ಎಷ್ಟು ಕಡಿದು ಅನ್ನುವುದು ಸೆಟ್ಟಿಂಗ್‌ನಲ್ಲಿ 3% ಇತ್ತು. ನಮ್ಮ ಘಾಟಿ ಲೆಕ್ಕಕ್ಕೆ 2% ಮಾಡಿದೆ. ಸಕಲೇಶಪುರ, ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಸುಬ್ರಹ್ಮಣ್ಯ ರೋಡ್. ಇಷ್ಟೂ ಸ್ಟೇಷನ್ ಇಟ್ಟು, ನಡುವಿನ ನಾಲ್ಕರಲ್ಲಿ ಎರಡೆರಡು ಲೈನ್ ಹಾಕಿ, ಪಾತ್ ಸಿಗ್ನಲ್ (ಮುಂದಿನ ಸಿಗ್ನಲ್‌ವರೆಗಿನ ದಾರಿ ಖಾಲಿ ಇದ್ದರೆ ಮಾತ್ರ ಗಾಡಿ ಬಿಡುವುದು) ನೆಟ್ಟು, ಒಂಬತ್ತು ರೈಲು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಎಲ್ಲಾ ನಿಂತಿತು. ನೋಡಿದರೆ ಕಡಗರವಳ್ಳಿಯ ಎರಡೂ ಲೈನ್‌ನಲ್ಲಿ ಕೆಳಗೆ ಇಳಿಯುವ ಗಾಡಿ, ಎಡಕುಮೇರಿಯ ಎರಡೂ ಲೈನ್‌ನಲ್ಲಿ ಮೇಲೆ ಹತ್ತುವ ಗಾಡಿ. ಇವು ಹೋಗಲು ಅಲ್ಲಿ ಜಾಗ ಇಲ್ಲ, ಅವು ಬರಲು ಇಲ್ಲಿ ಜಾಗ ಇಲ್ಲ. ನಡುವಿನ ಹಳಿ ಪೂರ್ತಿ ಖಾಲಿ, ಸಿಗ್ನಲ್ ಎಲ್ಲಾ ಸರಿ! ಸಿಗ್ನಲ್ ಇರುವುದು ಗಾಡಿ ಗಾಡಿ ಡಿಕ್ಕಿ ಆಗದ ಹಾಗೆ ನೋಡಿಕೊಳ್ಳಲು. ಯಾವ ಗಾಡಿಯನ್ನು ಎಲ್ಲಿ ತಡೆಯಬೇಕು ಅಂತ ಮುಂಚೆಯೇ ಯೋಚಿಸುವವರು ಬೇರೆ ಬೇಕು. ಕಂಟ್ರೋಲರ್ ಕೆಲಸ ಏನು ಅಂತ ನನಗೆ ಅರ್ಥ ಆಗಿದ್ದು ಅವತ್ತು. ಕಡಗರವಳ್ಳಿ, ಎಡಕುಮೇರಿ ಎರಡರಲ್ಲೂ ಮೂರನೇ ಲೈನ್ ಹಾಕಿ, ರೈಲುಗಳನ್ನು ಐದಕ್ಕೆ ಇಳಿಸಿದೆ. ಆಮೇಲೆ ಆಟದ ಹತ್ತು ವರ್ಷ ಒಂದು ಸಲವೂ ಸಿಕ್ಕಿಕೊಂಡಿಲ್ಲ.

ಹಾಳೆಯಲ್ಲೂ ಲೆಕ್ಕ ಹಾಕಿದೆ. ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಅಂತ ಇಟ್ಟುಕೊಂಡರೆ 55 ಕಿಲೋಮೀಟರ್‌ಗೆ 1 ಗಂಟೆ 50 ನಿಮಿಷ. ನಾಲ್ಕು ಸ್ಟೇಷನ್ ಅಂದರೆ ಐದು ತುಂಡು, ತುಂಡಿಗೆ ಸುಮಾರು 11 ಕಿಲೋಮೀಟರ್, 22 ನಿಮಿಷ. ಒಂದು ಗಾಡಿ ಒಂದು ತುಂಡಿಗೆ ಹೊಕ್ಕರೆ ಎದುರಿನದು ಅಷ್ಟು ಹೊತ್ತು ಕಾಯಲೇಬೇಕು. ಬೆಂಗಳೂರು–ಮಂಗಳೂರು ಇನ್ನೊಂದು ರೈಲು ಯಾಕೆ ಬಿಡಬಾರದು ಅಂತ ನಾವೆಲ್ಲ ಕೇಳುತ್ತೇವೆ ಅಲ್ವಾ, ಈ 22 ನಿಮಿಷ ನೋಡಿದ ಮೇಲೆ ನಾನು ಅಷ್ಟು ಸುಲಭವಾಗಿ ಕೇಳುವುದಿಲ್ಲ.

ಓಪನ್‌ಟಿಟಿಡಿಯಲ್ಲಿ ನನಗೆ ಬೇಜಾರಿರುವುದು ಒಂದೇ ವಿಷಯಕ್ಕೆ. ಘಾಟಿ ಹತ್ತುವಾಗ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಇಲ್ಲಿ ಇಲ್ಲ. ಡಿಪೋದಲ್ಲಿ ಜೋಡಿಸಿದ ಗಾಡಿ ಕೊನೆತನಕ ಹಾಗೇ ಇರುತ್ತದೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ಎಂಜಿನ್ ಸೇರಿಸಿ, ಸಕಲೇಶಪುರದಲ್ಲಿ ಬಿಡಿಸುವ ಕೆಲಸ ಆಗುವುದಿಲ್ಲ.

2019ರಲ್ಲಿ ಬಂದ ಟ್ರಾನ್ಸ್‌ಪೋರ್ಟ್ ಫೀವರ್ 2 ನೋಡಲು ಬಹಳ ಚೆಂದ. ಹಳಿ ಎಳೆಯುತ್ತಾ ಹೋದರೆ ಗುಡ್ಡ ಬಂದಲ್ಲಿ ಸುರಂಗ, ಹಳ್ಳ ಬಂದಲ್ಲಿ ಸೇತುವೆ ತಾನೇ ಆಗುತ್ತದೆ. ಸುರಂಗದಿಂದ ಸೀದಾ ಸೇತುವೆಗೆ ಬೀಳುವ ಆ ನೋಟ ನಮ್ಮ ಘಾಟಿಯದೇ. ಆದರೆ ಯೋಚನೆ ಮಾಡಿಸುವುದರಲ್ಲಿ ಓಪನ್‌ಟಿಟಿಡಿಯೇ ಮುಂದು. 1998ರ ರೈಲ್‌ರೋಡ್ ಟೈಕೂನ್ 2 ಕೂಡ ಎರಡು ದಿನ ಆಡಿದೆ. ಅದರ ಜೀವ ಷೇರು ಮಾರುಕಟ್ಟೆಯಲ್ಲಿದೆ, ನನಗೆ ಬೇಕಾಗಿದ್ದು ಹಳಿ.

ಗಾಡಿಯ ತೂಕ ಗೊತ್ತಾಗಬೇಕು ಅಂದರೆ ಓಪನ್ ರೈಲ್ಸ್. ಎಂಜಿನ್‌ನಲ್ಲಿ ಕೂತು ಗಾಡಿ ಓಡಿಸುವ ಆಟ, ಇದೂ ಉಚಿತ. 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್‌ನ ಮಾರ್ಗಗಳು ಇದರಲ್ಲಿ ಓಡುತ್ತವೆ. ನಮ್ಮ ಘಾಟಿ ನನ್ನ ಹತ್ತಿರ ಇಲ್ಲದ್ದಕ್ಕೆ ಅಮೆರಿಕದ ಮರಿಯಾಸ್ ಪಾಸ್ ಹಾಕಿಕೊಂಡೆ. ಅಲ್ಲಿ ಇಳಿಜಾರು 1.8%, ಹೆಚ್ಚುಕಡಿಮೆ ನಮ್ಮದೇ.

ಭಾನುವಾರ ಮಾವ ಬಂದಿದ್ದರು. ರಿಟೈರ್ ಆದ ಲೋಕೋ ಪೈಲಟ್. ಚಿತ್ರದ ಕಡೆ ನೋಡಲೇ ಇಲ್ಲ. ಎಫ್5 ಒತ್ತಿದಾಗ ಬರುವ ಅಂಕಿಗಳಲ್ಲಿ ಬ್ರೇಕ್ ಪೈಪ್ ಪ್ರೆಶರ್ (ಗಾಡಿಯುದ್ದಕ್ಕೂ ಇರುವ ಬ್ರೇಕ್ ಕೊಳವೆಯ ಗಾಳಿಯ ಒತ್ತಡ) ಮೇಲೇ ಅವರ ಕಣ್ಣು. ನಾನು ವೇಗ ಏರಿದ ಮೇಲೆ ಬ್ರೇಕ್ ಹಾಕಿ, ಇಳಿದ ತಕ್ಷಣ ಬಿಟ್ಟೆ. ಮತ್ತೆ ಏರಿತು, ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಬ್ರೇಕ್ ಹಿಡಿಯಲೇ ಇಲ್ಲ.

"ಗಾಳಿ ತುಂಬೋಕೆ ಟೈಮ್ ಕೊಟ್ಟಿಲ್ವಲ್ಲೋ. ಡೈನಾಮಿಕ್ ಮೇಲೆ ಇಳಿಸು, ಇದನ್ನ ಉಳಿಸಿಕೋ" ಅಂದರು. ಡೈನಾಮಿಕ್ ಅಂದರೆ ಎಂಜಿನ್ನಿನ ಮೋಟಾರನ್ನೇ ಬ್ರೇಕ್ ಮಾಡಿಕೊಳ್ಳುವುದು, ಉಳಿಸಿಕೊಳ್ಳಬೇಕಾದದ್ದು ಗಾಳಿಯ ಬ್ರೇಕ್.

ಅಮೆರಿಕದ ಗೂಡ್ಸ್‌ನಲ್ಲಿ ಬ್ರೇಕ್ ಬಿಟ್ಟರೆ ಪೂರ್ತಿ ಬಿಟ್ಟ ಹಾಗೆ. ನಮ್ಮ ಗಾಡಿಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಬಹುದಂತೆ. ಎಂಜಿನ್ ಬದಲಿಸಿ ಮೊದಲಿಂದ ಇಳಿಸಿದೆವು. ಈ ಸಲ ಅವರು ಹೇಳಿದ ಕಡೆಯೆಲ್ಲಾ, ಇಳಿಜಾರು ಶುರುವಾಗುವ ಮೊದಲೇ ಡೈನಾಮಿಕ್ ಬ್ರೇಕ್ ಹಾಕಿದೆ. ಕೆಳಗಿನವರೆಗೂ ವೇಗ ಅಲುಗಲಿಲ್ಲ.

ಮುಂದಿನ ಕೆಲಸ ಮಳೆಗಾಲದ್ದು. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಮಣ್ಣು ಕುಸಿದು ರೈಲು ನಿಂತಿತ್ತು. ನಾನು ಆಡಿದ ಯಾವ ಆಟದಲ್ಲೂ ಮಳೆಗೆ ಗುಡ್ಡ ಜಾರುವುದಿಲ್ಲ. ಹಾಗಾಗಿ ಓಪನ್‌ಟಿಟಿಡಿಯಲ್ಲಿ ಪ್ರತಿ ಜುಲೈ ಬಂದಾಗ ಅಲ್ಲಿ ಒಂದು ಚೌಕ ಹಳಿಯನ್ನು ನಾನೇ ಕಿತ್ತು, ಹದಿನೈದು ದಿನ ಬಿಟ್ಟು ಮತ್ತೆ ಹಾಕುತ್ತೇನೆ. ಐದು ಗಾಡಿಗಳನ್ನು ಅಷ್ಟು ದಿನ ಯಾವ ಸ್ಟೇಷನ್‌ನಲ್ಲಿ ನಿಲ್ಲಿಸುವುದು ಅಂತ ಈ ವಾರ ಬರೆದಿಟ್ಟುಕೊಳ್ಳಬೇಕು.