ಒಂದು ಪದ ಅಲ್ವಾ, ತಾಳ ಹಾಕಿ

ಕಳೆದ ಭಾನುವಾರ ನಮ್ಮ ಭಜನಾ ಮಂದಿರದ ಅರ್ಧ ಏಕಾಹ, ಅಂದರೆ ಹಗಲಿಡೀ ಕಡಿಯದೆ ಹಾಡುವ ಭಜನೆ, ಮುಗಿಯಿತು. ಮುಗಿಯಿತು ಅಂತ ಹೇಳುವುದು ಮಾತ್ರ, ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಯಾರೂ ಮಂಗಳ ಹಾಡಿಲ್ಲ. ನಿನ್ನೆ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದಾಗ ಪರಿಚಯದವರೊಬ್ಬರು ತಡೆದು ಕೇಳಿದರು: "ಎಂತ, ನಿಮ್ಮಲ್ಲಿ ಹೆಂಗಸರು ಗಂಡಸರ ಬಾಯಿ ಮುಚ್ಚಿಸಿದ್ರಂತೆ?"

ಬಾಯಿ ಮುಚ್ಚಿಸಿದ್ದು ಹೆಂಗಸರಲ್ಲ, ಶ್ರುತಿ.

ನಮ್ಮ ಮಂಡಳಿಯಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಕೂತು ಹಾಡುತ್ತೇವೆ. ನಡುವೆ ಕಾಲುದೀಪ, ಆಚೆ ಅವರು, ಈಚೆ ನಾವು. ಹಾರ್ಮೋನಿಯಂ ಮಾಷ್ಟ್ರದ್ದು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಊರಿನ ಅರ್ಧ ಜನಕ್ಕೆ ಸರಳೆ ವರಸೆ ಕಲಿಸಿದವರು, ಸಂಬಳ ಬಿಡಿ, ರಿಕ್ಷಾ ಬಾಡಿಗೆಯನ್ನೂ ಮಂದಿರದಿಂದ ತೆಗೆದುಕೊಳ್ಳದವರು. ಅವರ ಗಂಟಲು ಕಪ್ಪು ಒಂದರದ್ದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯೇ ಅವರಿಗೆ ಷಡ್ಜ, 'ಸ'. ಹಾಗಾಗಿ ಮಂಡಳಿಯದ್ದೂ ಕಪ್ಪು ಒಂದು. ಹಾಡುವ ಗಂಡಸರಿಗೆ ಅದು ಹದವಾದ ಶ್ರುತಿಯೇ. ಹೆಂಗಸರಿಗೆ ಬೇಕಾದದ್ದು ಅದಕ್ಕಿಂತ ಮೇಲಿನ ಬಿಳಿ ಐದು, ಕಪ್ಪು ನಾಲ್ಕು, ಸ್ವರ ತೆಳುವಾಗಿರುವವರಿಗೆ ಕಪ್ಪು ಐದು. ಕಪ್ಪು ಒಂದರಲ್ಲಿ ಗಂಡಸರ ಜೊತೆ ಕೆಳಗೇ ಹೇಳಿದರೆ ನಮ್ಮ ಸ್ವರ ಹೊಟ್ಟೆಯಿಂದ ಮೇಲೆ ಬರುವುದಿಲ್ಲ. ಒಂದು ಸ್ಥಾಯಿ ಮೇಲೆ ಹೇಳಿದರೆ ಪಲ್ಲವಿ ಹೇಗೋ ದಾಟಬಹುದು, ಚರಣಕ್ಕೆ ಬರುವಾಗ ಬರೇ ಕಿರುಚಾಟ. ವರ್ಷಗಟ್ಟಲೆ ನಾವು ಗೊಣಗುವುದಕ್ಕೂ ಕಿರುಚುವುದಕ್ಕೂ ನಡುವೆ ಓಡಾಡಿಕೊಂಡಿದ್ದವರು. ಅದರ ಮೇಲೆ ಆಚೆ ಬದಿಯಿಂದ ಉಪದೇಶ ಬೇರೆ: "ಹೆಂಗಸರದ್ದು ಕೇಳುವುದೇ ಇಲ್ಲ, ಸ್ವಲ್ಪ ಗಟ್ಟಿ ಹೇಳಿ."

ನಮ್ಮ ಪೈಕಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಸಂಗೀತ ಕಲಿತವರಲ್ಲ. ನಾಲಿಗೆ ಸ್ವಲ್ಪ ಜಾಸ್ತಿಯೇ ಹರಿತ, ನನಗೂ ಅವರಿಂದ ಬೇಕಾದಷ್ಟು ಸಿಕ್ಕಿದೆ. ಏಕಾಹದ ಹಿಂದಿನ ಅಭ್ಯಾಸದ ದಿನ, ಮಾಷ್ಟ್ರು ಹಾರ್ಮೋನಿಯಂಗೆ ಗಾಳಿ ತುಂಬುವ ಬಾತೆ ಒತ್ತುವುದನ್ನು ನಿಲ್ಲಿಸಿ ಕನ್ನಡಕ ಒರೆಸುತ್ತಿದ್ದಾಗ ಕೇಳಿದರು:

"ಮಾಷ್ಟ್ರೇ, ಗಂಡಸರಿಗೆ ಹಾಡಲಿಕ್ಕೆ ಆಗದ ಶ್ರುತಿ ಯಾವುದು?"

"ಯಾಕೆ? ಬಿಳಿ ಐದು ಅಂತ ಇಟ್ಟುಕೊಳ್ಳಿ."

"ಹಾಗಾದ್ರೆ ಅದರಲ್ಲಿ ಒಂದು ಹಾಡುವ."

ಎಲ್ಲರೂ ನಗಾಡಿದರು. ಮಾಷ್ಟ್ರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತಬಲದ ಹುಡುಗನ ಕಡೆ ನೋಡಿ, "ಕಪ್ಪು ಒಂದಕ್ಕೆ ಕೂಡಿಸಿದ ತಬಲ ಬಿಳಿ ಐದಕ್ಕೆ ಹೇಗೆ ಆಗ್ತದೆ? ನಡುವಲ್ಲಿ ಸುತ್ತಿಗೆ ಹಿಡಿದು ಕೂತರೆ ಭಜನೆ ನಿಲ್ಲುವುದಿಲ್ವಾ?" ಅಂದರು. ಆ ಮಾತು ಸರಿಯೇ. ಸೂರ್ಯೋದಯಕ್ಕೆ ದೀಪ ಹಚ್ಚಿದ ಮೇಲೆ ಸೂರ್ಯಾಸ್ತದವರೆಗೆ ಹಾಡು ಕಡಿಯುವ ಹಾಗಿಲ್ಲ. ಒಂದು ತಂಡ ಏಳುವ ಮೊದಲೇ ಇನ್ನೊಂದು ಬಂದು ಕೂತಿರಬೇಕು, ಇವರ ಕೊನೆಯ ಪದದ, ಅಂದರೆ ಹಾಡಿನ, ತಾಳವನ್ನು ಅವರು ಎತ್ತಿಕೊಳ್ಳಬೇಕು. ಅಕ್ಕ ಮತ್ತೆ ಮಾತಾಡಲಿಲ್ಲ. ವಿಷಯ ಅಲ್ಲಿಗೇ ಹೋಯಿತು ಅಂತ ನಾವು ತಿಳಿದುಕೊಂಡೆವು.

ಭಾನುವಾರ ಪೆರ್ಲ, ನೀರ್ಚಾಲು, ಮುಳ್ಳೇರಿಯಾ ಕಡೆಗಳಿಂದೆಲ್ಲ ತಂಡಗಳು ಬಂದಿದ್ದವು. ಕುಣಿತ ಭಜನೆಯ ಮಕ್ಕಳು ಒಂದೇ ಬಣ್ಣದ ಬಟ್ಟೆ ಹಾಕಿ, ಗೆಜ್ಜೆ ಕಟ್ಟಿ ದೀಪಕ್ಕೆ ಸುತ್ತು ಬಂದರು. ಅವರಿಗೆ ಕಲಿಸುವ ಹುಡುಗ ಬೈಕಿನಲ್ಲಿ ಊರೂರು ತಿರುಗುತ್ತಾನೆ, ಮಕ್ಕಳಿಗೆ ಅವನೆಂದರೆ ಪ್ರಾಣ. ನನಗನಿಸುವುದು, ಅವನಿಗೆ ಕಾಲಿನ ಲೆಕ್ಕ ಗೊತ್ತಿದ್ದಷ್ಟು ಕಂಠದ ಲೆಕ್ಕ ಗೊತ್ತಿಲ್ಲ. ಆದರೆ ಮೊಬೈಲು ಬಿಟ್ಟು ಮಕ್ಕಳು ಮಂದಿರಕ್ಕೆ ಬರುವುದು ಅವನಿಂದಾಗಿ, ಹಾಗಾಗಿ ಇದನ್ನು ಅವನೆದುರು ಹೇಳುವುದಿಲ್ಲ. ಊರಿನವರಾದ ನಮಗೆ ಸಿಕ್ಕಿದ್ದು ಮಧ್ಯಾಹ್ನ ಊಟದ ಹೊತ್ತು. ಬಂದವರಿಗೆ ಒಳ್ಳೆ ಸಮಯ ಬಿಟ್ಟುಕೊಟ್ಟು, ಸಾಂಬಾರಿನ ಬಕೆಟಿನ ಸದ್ದಿಗೆ ನಾವು ಹಾಡುವುದು.

ಮೂರನೆಯದೋ ನಾಲ್ಕನೆಯದೋ ಪದ ಮುಗಿಯುವಾಗ ಮಾಷ್ಟ್ರ ಎಡಗೈ ಬಾತೆ ಬಿಟ್ಟು ಪಕ್ಕದ ಶ್ರುತಿಪೆಟ್ಟಿಗೆಗೆ ಹೋಯಿತು. ಕರೆಂಟಿನ ಸಣ್ಣ ಪೆಟ್ಟಿಗೆ ಅದು. ಅದರಲ್ಲಿ ಪಂಚಮದಿಂದ ಮಧ್ಯಮಕ್ಕೆ ತಿರುಗಿಸುವ ಗುಂಡಿ ಇದೆ. ನಾನು ಹತ್ತಿರವೇ ಕೂತಿದ್ದೆ, ಕಂಡಿತು. ಸಪಸ ಇದ್ದದ್ದು ಸಮಸ ಆಯಿತು. ಬಲಗೈ ಕಪ್ಪು ಒಂದನ್ನು ಬಿಟ್ಟು ಕಪ್ಪು ಮೂರರ ಮೇಲೆ ನಿಂತಿತು. ಅಲ್ಲಿಂದಲೇ ಷಡ್ಜ.

ಮಧ್ಯಮ ಶ್ರುತಿ! ಅಂದರೆ 'ಮ'ವನ್ನೇ 'ಸ' ಮಾಡಿಕೊಂಡು ಹಾಡುವುದು. ಸಂಗೀತದವರಿಗೆ ಹೊಸತಲ್ಲ, ನಾದನಾಮಕ್ರಿಯೆ, ಪುನ್ನಾಗವರಾಳಿ ರಾಗಗಳನ್ನು ಹಾಡುವುದು ಹಾಗೆಯೇ. ಕಪ್ಪು ಒಂದರ ಮಧ್ಯಮ ಕಪ್ಪು ಮೂರು, ಬಿಳಿ ಐದರ ನೆರೆಮನೆ. ತಬಲಕ್ಕೆ ಸುತ್ತಿಗೆಯೂ ಬೇಡ, ಯಾಕೆಂದರೆ ಕಪ್ಪು ಮೂರನ್ನು ಷಡ್ಜ ಮಾಡಿದರೆ ಕಪ್ಪು ಒಂದು ತಾನಾಗಿ ಅದರ ಪಂಚಮ ಆಗುತ್ತದೆ. ಹುಡುಗ ಬಾರಿಸುತ್ತಲೇ ಇದ್ದ, ಅವನಿಗೆ ಗೊತ್ತಾಯಿತೋ ಇಲ್ಲವೋ.

ನಮಗೆ ಗೊತ್ತಾಯಿತು. ಪಲ್ಲವಿ ಎತ್ತಿದ ಕೂಡಲೇ ಗಂಟಲಿನಲ್ಲಿ ಏನೋ ಸಡಿಲವಾದಂತೆ. ಪಕ್ಕದಲ್ಲಿದ್ದವರ ಸ್ವರ ಇಷ್ಟು ದೊಡ್ಡದು ಅಂತ ನನಗೆ ತಿಳಿದೇ ಇರಲಿಲ್ಲ. ಚರಣ ಬಂತು, ತಾರ ಷಡ್ಜ, ಮೇಲಿನ 'ಸ', ಮುಟ್ಟಬೇಕು. ನಾವು ಆರಾಮವಾಗಿ ಮುಟ್ಟಿದೆವು. ಆಚೆ ಬದಿಯಲ್ಲಿ ಒಬ್ಬೊಬ್ಬರದೇ ಸ್ವರ ಕಳಚಿಕೊಂಡಿತು. ಕೆಲವರು ಕೆಳಗಿಳಿದು ಗೊಣಗಿದರು, ಇಬ್ಬರು ಸುಮ್ಮನೆ ತುಟಿ ಆಡಿಸಿದರು. ಆಗ ಕಾರ್ಯದರ್ಶಿಗಳು ಮುಂದೆ ಬಾಗಿ, "ಇದು ನಮಗೆ ಸಿಕ್ಕುವುದಿಲ್ಲ ಮಾಷ್ಟ್ರೇ" ಅಂದರು.

ಅಕ್ಕ ಅವರ ಕಡೆ ತಿರುಗಲೂ ಇಲ್ಲ.

"ಒಂದು ಪದ ಅಲ್ವಾ, ತಾಳ ಹಾಕಿ."

ಮೈಕ್ ಅಕ್ಕನ ಎದುರೇ ಇತ್ತು. ಊಟದ ಚಪ್ಪರಕ್ಕೂ ಸ್ಪೀಕರ್ ಕಟ್ಟಿದ್ದರು. ಪಾಯಸ ಬಡಿಸುತ್ತಿದ್ದವನ ಸೌಟು ನಿಂತಿತಂತೆ. ಪಂಕ್ತಿಯಲ್ಲಿ ಕೂತ ನೀರ್ಚಾಲಿನ ಅಜ್ಜಿಯೊಬ್ಬರು ನಕ್ಕದ್ದು ಮಂದಿರದ ಒಳಗಿದ್ದ ನಮಗೇ ಕೇಳಿಸಿತು. ಕಾರ್ಯದರ್ಶಿಗಳು ತಾಳ ಹಾಕಿದರು. ಬೇರೆ ದಾರಿ ಇರಲಿಲ್ಲ, ಭಜನೆ ನಿಲ್ಲಬಾರದಲ್ಲ.

ಅಂದಿನಿಂದ ಇದನ್ನೇ ತಿರುಗಿ ತಿರುಗಿ ಯೋಚಿಸುತ್ತಿದ್ದೇನೆ. ಕಾರ್ಯದರ್ಶಿಗಳು ಕೆಟ್ಟವರಲ್ಲ. ಕನ್ನಡದ ವಿಷಯದಲ್ಲಿ ನಮ್ಮೂರಿನಲ್ಲಿ ಅವರಷ್ಟು ಓಡಾಡಿದವರು ಇಲ್ಲ. ಕಚೇರಿಯಲ್ಲಿ ಮಲಯಾಳದ ಅರ್ಜಿ ಕೊಟ್ಟರೆ ಕನ್ನಡದ್ದು ಕೊಡಿ ಅಂತ ನಿಂತುಕೊಳ್ಳುವವರು, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂದಾಗ ಕಾಸರಗೋಡಿನ ಬಿಸಿಲಿನಲ್ಲಿ ಧರಣಿ ಕೂತವರು. ಕಾಸರಗೋಡು ಕೇರಳಕ್ಕೆ ಹೋದ 1956ರ ನವೆಂಬರ್ ಒಂದರಿಂದ ಇಲ್ಲಿನ ಕನ್ನಡಿಗರು ಇನ್ನೊಬ್ಬರ ಶ್ರುತಿಗೆ ಹಾಡುತ್ತಿದ್ದೇವೆ ಅಂತ ಭಾಷಣದಲ್ಲಿ ಹೇಳುವವರೂ ಅವರೇ. ಹೌದು, ಇದೇ ಮಾತು. ಗಡಿ ವಿವಾದದ ಮಹಾಜನ ವರದಿ ಬಂದದ್ದು 1967ರಲ್ಲಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಅಂತ ಅದರಲ್ಲಿತ್ತು ಎಂಬುದನ್ನು ನಾನು ಮೊದಲು ಕೇಳಿದ್ದೂ ಅವರ ಬಾಯಿಂದ. ಅಷ್ಟು ಸೂಕ್ಷ್ಮ ಕಿವಿ ಇದ್ದವರಿಗೆ ದೀಪದ ಈಚೆ ಕೂತವರ ಗೊಣಗು ಇಷ್ಟು ವರ್ಷ ಶ್ರುತಿಯ ವಿಷಯ ಅಂತ ಹೊಳೆಯಲಿಲ್ಲ, ನಮ್ಮ ದಮ್ಮಿನ ವಿಷಯ ಅಂತ ಅನಿಸಿತು. ಒಂದು ಪದಕ್ಕೆ ತಾಳ ಹಾಕಿ ಕೂತದ್ದು ಮಾತ್ರ ರಾತ್ರಿ ಹತ್ತು ಗಂಟೆಗೆ ಗುಂಪಿನಲ್ಲಿ ಉದ್ದದ ವಾಯ್ಸ್ ಮೆಸೇಜ್ ಆಗಿ ಬಂತು.

ನನ್ನ ಗಂಡ, "ಎಲ್ಲದಕ್ಕೂ ರಾಜ್ಯ ವಿಂಗಡಣೆ ತರಬೇಡ ಮಾರಾಯ್ತಿ" ಅಂದರು. ಇರಬಹುದು. ಆದರೆ ನಮ್ಮ ಮಂದಿರದಲ್ಲೇ ಇನ್ನೊಂದು ಕಂಡೆ. ಕುಣಿತದ ತಂಡದ ಹುಡುಗಿಯ ಹತ್ತಿರ ಪುಸ್ತಕ ಕೇಳಿ ತೆಗೆದು ನೋಡಿದರೆ ದಾಸರ ಪದವನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಶಾಲೆಯಲ್ಲಿ ಕಲಿತದ್ದು ಅದನ್ನೇ. ಹಾಡಿದ್ದು ಮಾತ್ರ ಅಚ್ಚ ಕನ್ನಡ, ಒಂದು ಮಹಾಪ್ರಾಣವೂ ತಪ್ಪಿರಲಿಲ್ಲ. ಅವಳು ಯಾರ ಮೇಲೂ ದೂರು ಹೇಳಲಿಲ್ಲ. ಹೊಂದಿಕೊಳ್ಳುವವರದ್ದು ಹೆಚ್ಚಾಗಿ ಹೀಗೆಯೇ, ಶಬ್ದ ಇಲ್ಲದೆ ಆಗಿಬಿಡುತ್ತದೆ. ಹಾಗಾಗಿ ಕಾಣುವುದೂ ಇಲ್ಲ.

ಹೆಂಗಸಿನ ಶ್ರುತಿಗೆ ಗಂಡಸರು ಕೂಡುವುದು ಈ ನೆಲದಲ್ಲಿ ನಡೆಯದ ಸಂಗತಿಯೂ ಅಲ್ಲ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಲೀಲಾವತಿ ಬೈಪಾಡಿತ್ತಾಯರು ಇಲ್ಲೇ ಮಧೂರಿನವರು. ತೆಂಕುತಿಟ್ಟು ಯಕ್ಷಗಾನದ ಮೇಳಗಳಲ್ಲಿ ಇಡೀ ರಾತ್ರಿ ಹಾಡಿ ಭಾಗವತಿಕೆ ಮಾಡಿದವರು. ಅವರು ಜಾಗಟೆ ಹಿಡಿದು ಕೂತರೆ ಮದ್ದಳೆ ಅವರ ಶ್ರುತಿಗೇ ಕೂಡಬೇಕಿತ್ತು. ಅದಕ್ಕಾಗಿ ಯಾರೂ ವಾಯ್ಸ್ ಮೆಸೇಜ್ ಹಾಕಿದ್ದು ಕೇಳಿಲ್ಲ.

ಸಮಿತಿ ಒಂದು ಪರಿಹಾರ ಹುಡುಕಿತು: ಮುಂದಿನ ವರ್ಷ ಮಹಿಳೆಯರಿಗೆ ಬೇರೆಯೇ ಒಂದು ಗಂಟೆ. ಕೇಳಲಿಕ್ಕೆ ಚಂದ ಉಂಟು. ಅಕ್ಕ ಗುಂಪಿನಲ್ಲಿ ಎರಡೇ ಶಬ್ದ ಬರೆದರು: "ಬೇರೆ ಬೇಡ." ನನಗೂ ಅದೇ ಸರಿ ಅನಿಸಿತು. ಬೇರೆ ಗಂಟೆ ಕೊಟ್ಟರೆ ಉಳಿದ ಹನ್ನೊಂದು ಗಂಟೆ ಕಪ್ಪು ಒಂದರಲ್ಲೇ ಹೋಗುತ್ತದೆ.

ಮಾಷ್ಟ್ರು ಗುಂಪಿನ ಜಗಳಕ್ಕೆ ತಲೆ ಹಾಕಲಿಲ್ಲ. ನಿನ್ನೆ ಸಂಜೆ ಅವರ ಮನೆಗೆ ಹೋದಾಗ ಜಗಲಿಯಲ್ಲಿ ಹಳೆಯ ಪದಗಳ ಪುಸ್ತಕ ಬಿಡಿಸಿ ಕೂತಿದ್ದರು, ಕೈಯಲ್ಲಿ ಪೆನ್ಸಿಲು. ತಾರ ಷಡ್ಜ ಮುಟ್ಟದ ಪದಗಳಿಗೆ ಬದಿಯಲ್ಲಿ 'ಮ' ಅಂತ ಗುರುತು ಹಾಕುತ್ತಿದ್ದರು. ಅವನ್ನು ಮಧ್ಯಮ ಶ್ರುತಿಯಲ್ಲಿ ಇಟ್ಟರೆ ಎರಡು ಬದಿಯವರಿಗೂ ಬಾಯಿ ಬರುತ್ತದೆ ಅಂತ ಲೆಕ್ಕ. "ಇದು ನಿಮಗೆ ಮೊದಲೇ ಗೊತ್ತಿತ್ತಲ್ಲ ಮಾಷ್ಟ್ರೇ?" ಅಂತ ಕೇಳಿದೆ.

"ಗೊತ್ತಿತ್ತು. ಯಾರೂ ಕೇಳಿರಲಿಲ್ಲ."

ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಚಾ ಕುಡಿದು ಬಂದೆ. ಗುರುತು ಹಾಕಿದ ಪದಗಳನ್ನು ಮುಂದಿನ ಶನಿವಾರದ ಅಭ್ಯಾಸಕ್ಕೆ ತರುತ್ತಾರಂತೆ. ಕಾರ್ಯದರ್ಶಿಗಳೂ ಬರುತ್ತೇನೆ ಅಂದಿದ್ದಾರೆ, ಮೈಕ್ ದೀಪದ ಆಚೆ ಇರಬೇಕು ಎಂಬ ಷರತ್ತಿನ ಮೇಲೆ. ಅದಕ್ಕೆ ಅಕ್ಕ ಇನ್ನೂ ಉತ್ತರ ಬರೆದಿಲ್ಲ.