ಜಗಲಿವರೆಗೋ, ಅಡುಗೆಮನೆವರೆಗೋ?

ಒಳಗೊಳ್ಳುವಿಕೆ. ಈ ಪದವನ್ನು ಇಷ್ಟು ವರ್ಷದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಅನುವಾದ ನನ್ನ ಹೊಟ್ಟೆಪಾಡು. ಸಂಸ್ಥೆಗಳ ವರದಿ, ಕರಪತ್ರ, ಒಪ್ಪಂದ, ಯಾವುದು ತೆರೆದರೂ ಎರಡನೇ ಸಾಲಿನಲ್ಲಿ ಅದು ಇದ್ದೇ ಇರುತ್ತದೆ. ಕೈ ತನ್ನ ಪಾಡಿಗೆ ಬರೆದುಬಿಡುತ್ತದೆ. ಮೊನ್ನೆ ಮಂಗಳವಾರ ಯಲ್ಲಾಪುರದಲ್ಲಿ ಮೊದಲ ಸಲ ಒಬ್ಬರು ಅದರ ಅರ್ಥ ಕೇಳಿದರು. ನನಗೆ ಹೇಳಲು ಬರಲಿಲ್ಲ.

ಮೂರು ಸಂಸ್ಥೆಗಳು ಸೇರಿದ್ದ ಸಭೆ. ಒಂದು ಬೆಂಗಳೂರಿನದು, ಒಂದು ಹೊರದೇಶದ್ದು, ಇನ್ನೊಂದು ನಮ್ಮ ತಾಲೂಕಿನದೇ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಸಂಘ. ಮೂವರೂ ಕೂಡಿ ಕೆಲಸ ಮಾಡುವ ಒಪ್ಪಂದದ ಕರಡನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಬೆಂಗಳೂರಿನಿಂದ ಬಂದ ಹುಡುಗಿ ಬಗ್ಗೆ ಕೆಟ್ಟದ್ದು ಹೇಳಲಾರೆ. ಪಾಪ, ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಯಿಲ್ಲದೆಯೂ ಎಲ್ಲರ ಹೆಸರು ಕೇಳಿ ನೆನಪಿಟ್ಟುಕೊಂಡಿದ್ದಳು. ಹೊರದೇಶದವರು ಮಾತ್ರ ಫೋಟೋ ತೆಗೆದದ್ದೇ ತೆಗೆದದ್ದು. ಅದರಲ್ಲೂ ಗುಂಗುರು ಕೂದಲಿನ ಮಕ್ಕಳದ್ದು. ಅದು ನನಗೆ ಸರಿ ಕಾಣಲಿಲ್ಲ. ಆದರೂ ಸುಮ್ನಿದ್ದೆ. ದುಡ್ಡು ಕೊಡುವವರು ಅವರೇ ಅಲ್ವಾ.

ಒಪ್ಪಂದದ ಮೊದಲ ಪುಟ ಶುರುವಾಗುವುದು ವಿಶ್ವಸಂಸ್ಥೆಯಿಂದ. ಆಫ್ರಿಕಾ ಮೂಲದ ಜನರಿಗಾಗಿ 2015ರಿಂದ 2024ರವರೆಗೆ ಒಂದು ದಶಕ ಆಚರಿಸಿದರು. ಈಗ 2025ರಿಂದ 2034ರವರೆಗೆ ಎರಡನೆಯದು ಸಾಗಿದೆ. ಇದನ್ನು ಓದುವಾಗ ಮುಂದಿನ ಸಾಲಿನ ಹೆಂಗಸರು ಆಕಳಿಸಿದ್ದು ಕಂಡಿತು. ಮೊದಲ ದಶಕ ಬಂದು ಹೋದದ್ದೇ ಅವರಿಗೆ ಗೊತ್ತಿರಲಿಲ್ಲ. ನನಗೂ ಅನುವಾದ ಮಾಡುವಾಗಲೇ ಗೊತ್ತಾದದ್ದು, ಸುಳ್ಳು ಯಾಕೆ ಹೇಳಲಿ.

ನಂತರ ಆ ಸಾಲು ಬಂತು. 'ಸಿದ್ದಿ ಸಮುದಾಯದ ಸಾಮಾಜಿಕ ಒಳಗೊಳ್ಳುವಿಕೆ ಮತ್ತು ಸಮಾನತೆಗಾಗಿ...'

ಬದಿಯಲ್ಲಿ ಕೂತಿದ್ದ ಒಬ್ಬ ಅಕ್ಕ ಕೈಯೆತ್ತಿದರು. ಐವತ್ತು ದಾಟಿದವರು. ಅಲ್ಲಿಯತನಕ ತಲೆತಗ್ಗಿಸಿ ಕೌದಿ ಹೊಲಿಯುತ್ತಾ ಇದ್ದರು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಡಚಿ ಹೂವಿನ ಹಾಗೆ ಕೂರಿಸುತ್ತಾರೆ, ಅದಕ್ಕೆ ಫುಲ್ಯಾ ಅಂತ ಹೆಸರು. ಅದಿಲ್ಲದ ಕೌದಿ ಬತ್ತಲೆ ಇದ್ದಂತೆ. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು.

"ಒಳಗೆ ಅಂದ್ರೆ ಎಲ್ಲಿವರೆಗೆ ಮೇಡಂ? ಜಗಲಿವರೆಗೋ, ಅಡುಗೆಮನೆವರೆಗೋ?"

ಹಿಂದಿನ ಸಾಲಿನವರು ನಕ್ಕರು. ಬೆಂಗಳೂರಿನ ಹುಡುಗಿಗೆ ಅರ್ಥವಾಗದೆ ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿತ್ತು. ಇಡೀ ಸಭಾಂಗಣದಲ್ಲಿ ಅದು ಚೆನ್ನಾಗಿ ಅರ್ಥವಾದದ್ದು ನನಗೇ ಇರಬೇಕು. ಯಾಕೆಂದರೆ ನಮ್ಮದು ಅಡಿಕೆ ತೋಟದ ಹವ್ಯಕ ಬ್ರಾಹ್ಮಣರ ಮನೆ. ತೋಟಕ್ಕೆ ಸೊಪ್ಪು ಹೊತ್ತು ತರುತ್ತಿದ್ದವರು, ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಬರುತ್ತಿದ್ದವರು ಸಿದ್ದಿಗಳೇ. ಅಜ್ಜಿಯ ಕಾಲದಲ್ಲಿ ಅವರಿಗೆ ಅಂಗಳದಲ್ಲಿ ಕರಟದಲ್ಲಿ ಚಾ. ಅಮ್ಮನ ಕಾಲಕ್ಕೆ ಅದು ಸ್ಟೀಲ್ ಲೋಟವಾಯಿತು, ಜಾಗ ಜಗಲಿಯ ತುದಿಯಾಯಿತು. ನಮ್ಮ ಮನೆಯಲ್ಲಿ ಆದ ಸುಧಾರಣೆ ಇಷ್ಟು.

"ಎಲ್ಲಿವರೆಗೆ?" ಅಂದರೆ ಏನು ಹೇಳಲಿ? 'ಸಮಾಜದ ಮುಖ್ಯವಾಹಿನಿ' ಅಂತ ಏನೋ ತೊದಲಿದೆ. ಅಕ್ಕ ತಲೆಯಾಡಿಸಿ ಮತ್ತೆ ಸೂಜಿ ಹಿಡಿದರು.

ಸಭೆ ಮುಗಿದ ಮೇಲೆ ಅಕ್ಕನ ಊರಿನ ಬಸ್ಸು ಹೊರಟುಹೋಗಿತ್ತು. ನಾನು ಮಂಚಿಕೇರಿ ಕಡೆ ಹೋಗುವವಳು, ಸ್ಕೂಟರ್ ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ಅವರು ಹಿಂದಿನಿಂದ ಗಾಳಿಗೆ ಕೇಳುವಂತೆ ಜೋರಾಗಿ ಮಾತಾಡಿದರು. ಪ್ರಶ್ನೆ ಕೇಳಿದ್ದಕ್ಕೆ ಬೇಜಾರಾಯ್ತಾ ಅಂದರು. ಇಲ್ಲ ಅಂದೆ. ಆಮೇಲೆ ಹೇಳತೊಡಗಿದರು.

ಅವರ ತಮ್ಮ ಒಳ್ಳೆ ಓಟಗಾರನಂತೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗಾಗಿ ಒಂದು ಯೋಜನೆ ತಂದಿತ್ತು. ಆಫ್ರಿಕಾದ ರಕ್ತ, ಓಟ ಇವರಿಗೆ ಸುಲಭ, ಒಲಿಂಪಿಕ್ಸ್ ಪದಕ ತರುತ್ತಾರೆ ಅನ್ನುವುದು ಆಗಿನ ಲೆಕ್ಕಾಚಾರ. ಕಾಡಿನಿಂದ ಮಕ್ಕಳನ್ನು ಆರಿಸಿ ಹಾಸ್ಟೆಲಿಗೆ ಕರೆದೊಯ್ದರು. ಹಾಲು, ಮೊಟ್ಟೆ, ಶೂ ಎಲ್ಲ ಸಿಕ್ಕಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. "ಒಳಗೆ ಕರ್ಕೊಂಡ್ರು, ಆಮೇಲೆ ಬಾಗ್ಲು ಹಾಕಿದ್ರು. ಅಂವ ಈಗ ಗೌಂಡಿ ಕೆಲ್ಸಕ್ಕೆ ಹೋಗ್ತಾನೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಹಳೇ ಸಾಲದ ಬಗ್ಗೆ ಹೇಳಿದಂತಿತ್ತು.

ಆದರೆ ಪಟ್ಟಿಯ ಬಗ್ಗೆ ಅವರಿಗೆ ಬೇರೆಯೇ ಲೆಕ್ಕ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಕ್ಕನ ತಂಗಿಯನ್ನು ಮದುವೆ ಮಾಡಿಕೊಟ್ಟದ್ದು ಕಲಘಟಗಿ ಕಡೆಗೆ. ಕಲಘಟಗಿ ಧಾರವಾಡ ಜಿಲ್ಲೆ. ಅದೇ ಕಾಡು, ಅದೇ ಢಮಾಮಿ ಕುಣಿತ, ನೆಂಟಸ್ತಿಕೆಯೂ ಅದೇ. ಜಿಲ್ಲೆಯ ಗಡಿ ದಾಟಿದ್ದಕ್ಕೆ ಅಲ್ಲಿಯವರು ಪಟ್ಟಿಯಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿಯ ಸಿದ್ದಿಗಳನ್ನು ಸೇರಿಸಲು 2020 ಬರಬೇಕಾಯಿತು. "ಹದಿನೇಳು ವರ್ಷ ನಾನು ಒಳಗೆ, ನನ್ನ ತಂಗಿ ಹೊರಗೆ" ಅಂದರು ಅಕ್ಕ.

ಬರೀ ಕಾಗದದ ಮಾತು ಅಂತ ನಾನು ಅಂದುಕೊಂಡಿದ್ದೆ. ಮನೆಗೆ ಬಂದು ಅರಣ್ಯ ಹಕ್ಕು ಕಾಯ್ದೆ ತೆರೆದು ನೋಡಿದೆ. 2006ರ ಆ ಕಾಯ್ದೆಯ ಪ್ರಕಾರ ಕಾಡಿನ ನೆಲದ ಹಕ್ಕು ಸಿಗಲು ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗದಲ್ಲಿದ್ದೇವೆ ಅಂತ ತೋರಿಸಿದರೆ ಸಾಕು. ಬೇರೆಯವರು ಮೂರು ತಲೆಮಾರು, ಅಂದರೆ 75 ವರ್ಷ, ತೋರಿಸಬೇಕು. ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಮಕ್ಕಳು 75 ವರ್ಷದ ದಾಖಲೆ ಎಲ್ಲಿಂದ ತರುತ್ತಾರೆ? ಓಡಿ ಬಂದವರು ರಸೀದಿ ಇಟ್ಟುಕೊಂಡು ಓಡುತ್ತಾರಾ? ಹಾಗಾಗಿ ಗಡಿಯ ಈಚೆಯ ಅಕ್ಕನಿಗೂ ಆಚೆಯ ತಂಗಿಗೂ ನಡುವೆ ಇದ್ದದ್ದು ಒಂದು ಪಟ್ಟಿಯಷ್ಟೇ ಅಲ್ಲ, ಕಾಲ ಕೆಳಗಿನ ನೆಲ.

ಇಲ್ಲಿಗೆ ಬರೆದು ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ದಾರಿಯಲ್ಲಿ ಮಳೆ ಹಿಡಿಯಿತು.

ನಮ್ಮ ಮನೆ ಹತ್ತಿರವೇ ಇತ್ತು. ಸ್ಕೂಟರನ್ನು ಅಂಗಳಕ್ಕೆ ತಂದೆ. ಅಮ್ಮ ಹೆಬ್ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ, ಪೂರ್ತಿ ಒದ್ದೆಯಾಗಿದ್ದೀರಿ" ಅಂದಳು. ಅಮ್ಮ ಕೆಟ್ಟವಳಲ್ಲ. ತಲೆ ಒರೆಸಿಕೊಳ್ಳಲು ತೊಳೆದ ಟವೆಲ್ಲನ್ನೇ ತಂದುಕೊಟ್ಟಳು. ಅಕ್ಕ ಜಗಲಿಯ ತುದಿಯಲ್ಲಿ ಕೂತರು. ನಾನು ಒಳಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬಂದೆ. ಚಾ ಬಂತು, ಅವಲಕ್ಕಿಯೂ ಬಂತು. ಮೂವರೂ ಜಗಲಿಯಲ್ಲೇ ಕೂತು ಮಳೆ ನೋಡುತ್ತಾ ಚಾ ಕುಡಿದೆವು. ಅಡಿಕೆಗೆ ಕೊಳೆ ಬಂದದ್ದರ ಬಗ್ಗೆ ಅಮ್ಮ, ಮಂಗನ ಕಾಟದ ಬಗ್ಗೆ ಅಕ್ಕ. ಇಬ್ಬರೂ ಹಳೇ ಗೆಳತಿಯರ ಹಾಗೆ.

'ಒಳಗೆ ಬನ್ನಿ ಅಕ್ಕ' ಅನ್ನುವ ಮೂರು ಶಬ್ದ. ನಾಲಿಗೆ ತುದಿಯಲ್ಲೇ ಇತ್ತು. ಎರಡು ಗಂಟೆ ಹಿಂದೆ ಮೈಕಿನಲ್ಲಿ ಒಳಗೊಳ್ಳುವಿಕೆ ಅಂತ ಓದಿದ ನಾಲಿಗೆ ಅದೇ. ಅಮ್ಮ ಏನಾದರೂ ಅಂದುಬಿಟ್ಟರೆ? ಅಂದರೆ ಅಕ್ಕನಿಗೆ ಅವಮಾನವಾದೀತು, ಅದಕ್ಕಿಂತ ಸುಮ್ಮನಿರುವುದೇ ಮೇಲು ಅಂತ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಗೆ ಒಳ್ಳೆ ಬಟ್ಟೆ ತೊಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಮಳೆ ಕಡಿಮೆಯಾಯಿತು. ಅಕ್ಕ ಎದ್ದರು. ಯಾರೂ ಹೇಳಲಿಲ್ಲ. ಲೋಟ ತೆಗೆದುಕೊಂಡು ಅಂಗಳದ ನಲ್ಲಿಗೆ ಹೋಗಿ ತೊಳೆದರು. ತಂದು ಜಗಲಿಯ ಕಟ್ಟೆಯ ಮೇಲೆ ಮಗುಚಿ ಇಟ್ಟರು. ಜಾಗ ಹುಡುಕಲಿಲ್ಲ. ಎಲ್ಲಿಡಬೇಕು ಅಂತ ಗೊತ್ತಿದ್ದವರ ಹಾಗೆ ಇಟ್ಟರು.

ಅವರನ್ನು ಬಿಟ್ಟು ಬಂದು ಅಮ್ಮನ ಮೇಲೆ ರೇಗಿದೆ. "ಆನು ಎಂತ ಹೇಳಿದ್ನೇ? ಅವಕ್ಕೆ ಅದೇ ರೂಢಿ ಇದ್ದು" ಅಂದಳು. ಹೌದಲ್ಲ, ಅಮ್ಮ ಏನೂ ಹೇಳಿರಲಿಲ್ಲ. ನಾನೂ ಏನೂ ಹೇಳಿರಲಿಲ್ಲ. ರಾತ್ರಿ ಆ ಲೋಟ ಕಟ್ಟೆಯ ಮೇಲೇ ಇತ್ತು. ಒಳಗೆ ತಂದು ಬೇರೆ ಲೋಟಗಳ ಜೊತೆ ಇಟ್ಟೆ. ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಂಡಿತು. ನನ್ನ ವಯಸ್ಸು ನಲವತ್ತೆರಡು!

2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ನಮ್ಮ ಊರಿನಲ್ಲೂ ಎಲ್ಲರೂ ಹೆಮ್ಮೆಪಟ್ಟಿದ್ದರು. ನಮ್ಮ ತಾಲೂಕಿನವರು ಅಂತ ವಾಟ್ಸಾಪ್‌ನಲ್ಲಿ ಫೋಟೋ ಹಂಚಿದ್ದೇ ಹಂಚಿದ್ದು. ನಾನೂ ಹಂಚಿದ್ದೆ. ವಿಧಾನಸೌಧದ ಒಳಗೆ ಸಲೀಸಾಗಿ ಕಳಿಸಿಕೊಟ್ಟವರಿಗೆ ನಮ್ಮ ಹೆಬ್ಬಾಗಿಲು ಯಾಕೆ ಅಷ್ಟು ಎತ್ತರವಾಯಿತೋ. ಮೂರು ದಿನದಿಂದ ಇದೇ ಯೋಚನೆ. ಪದ ಬದಲಿಸಲು ಕೂತರೆ ಯಾವುದೂ ಹೊಂದುತ್ತಿಲ್ಲ. 'ಸೇರ್ಪಡೆ' ಅಂದರೆ ಶಾಲೆಗೆ ಸೇರಿಸಿದಂತೆ. 'ಸಹಬಾಳ್ವೆ' ಅಂದರೆ ಭಾಷಣ. 'ಜೊತೆಗೆ ಕೂರುವುದು' ಅಂತ ಬರೆದು ನೋಡಿದೆ. ಬೆಂಗಳೂರಿನ ಹುಡುಗಿ ಫೋನಿನಲ್ಲಿ, "ಚೆನ್ನಾಗಿದೆ ಮೇಡಂ, ಆದ್ರೆ ವಕೀಲರು ಒಪ್ಪಲ್ಲ" ಅಂದಳು.

ಇವತ್ತು ಬೆಳಿಗ್ಗೆ ಅಕ್ಕನಿಗೇ ಫೋನ್ ಮಾಡಿದೆ. ನೀವು ಕೇಳಿದ ಪದ ಇನ್ನೂ ಸಿಕ್ಕಿಲ್ಲ, ನೀವೇ ಒಂದು ಹೇಳಿ ಅಂದೆ. ಆಚೆಯಿಂದ ಕೋಳಿ ಕೂಗುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು.

"ಯಾವ್ದಾದ್ರೂ ಹಾಕಿ ಮೇಡಂ. ಸೀಲು ಮಾತ್ರ ಸರಿ ಬೀಳ್ಲಿ. ಬ್ಯಾಂಕಿನವರು ಶುಕ್ರವಾರದ ಒಳಗೆ ಕೇಳಿದ್ದಾರೆ."