ಶಾಲಿನೊಳಗೆ ಹೇಳಿದ ಮಾತು

ಶಿರಸಿ ಸೀಮೆಯ ನಮ್ಮ ತೋಟದ ಮನೆಯಲ್ಲಿ ತಮ್ಮನ ಉಪನಯನ ನಡೆದಾಗ ಅವನಿಗೆ ಎಂಟು ವರ್ಷ, ನನಗೆ ಹನ್ನೊಂದು. ಬೆಳಿಗ್ಗೆ ಆಯಿಯೊಂದಿಗೆ ಮಾತೃಭೋಜನ ಮಾಡಿಸಿದರು, ತಲೆ ಬೋಳಿಸಿದರು. ಸೊಂಟಕ್ಕೆ ಹುಲ್ಲಿನ ಉಡಿದಾರವಾದ ಮೌಂಜಿ, ಕೈಗೆ ಮುತ್ತುಗದ ಕೋಲು, ಜನಿವಾರಕ್ಕೆ ಕೃಷ್ಣಾಜಿನದ, ಎಂದರೆ ಕೃಷ್ಣಮೃಗದ ಚರ್ಮದ, ಚಿಕ್ಕ ತುಂಡು. ಆಮೇಲೆ ಅಪ್ಪಯ್ಯನನ್ನೂ ಅವನನ್ನೂ ಪಟ್ಟೆ ಶಾಲಿನಿಂದ ಮುಚ್ಚಿದರು. ಒಳಗೆ ತಂದೆ ಮಗನ ಕಿವಿಯಲ್ಲಿ ಗಾಯತ್ರಿ ಮಂತ್ರ ಹೇಳಿಕೊಡುವ ಬ್ರಹ್ಮೋಪದೇಶ ನಡೆಯುತ್ತಿದ್ದಷ್ಟು ಹೊತ್ತು ಹೊರಗಿದ್ದ ನಮಗೆ ಕಾಣುತ್ತಿದ್ದದ್ದು ಶಾಲಿನ ಅಲುಗಾಟ ಮಾತ್ರ. ಊಟವಾದ ಮೇಲೆ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅಪ್ಪಯ್ಯ ಏನು ಹೇಳಿದ ಎಂದು ಕೇಳಿದೆ. ‘ಹೇಳಲಾಗ್ತಿಲ್ಲೆ ಅಕ್ಕಾ’ ಎಂದ. ಅಲ್ಲಿಯವರೆಗೆ ನನ್ನಿಂದ ಯಾವುದನ್ನೂ ಮುಚ್ಚಿಟ್ಟ ಹುಡುಗ ಅವನಲ್ಲ.

ಅದೇ ಗಾಯತ್ರಿ ಮಂತ್ರ ಇಂದು ಕಾರವಾರದ ಬಸ್ಸಿನಲ್ಲಿ ಯಾರದ್ದೋ ಮೊಬೈಲಿನ ರಿಂಗ್‌ಟೋನ್ ಆಗಿ ಮೊಳಗುತ್ತದೆ. ಹಾಗಾದರೆ ಅಂದು ಶಾಲಿನೊಳಗೆ ಅವನಿಗೆ ಸಿಕ್ಕಿದ್ದು ಏನು? ಅಕ್ಷರಗಳೇ ಗುಟ್ಟಾಗಿದ್ದರೆ ದೀಕ್ಷೆಗೆ ಎಂದೋ ಅರ್ಥ ಹೋಗಬೇಕಿತ್ತು. ಉತ್ತರ ಹುಡುಕುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಥರ್ವವೇದದ 11ನೆಯ ಕಾಂಡದ ಬ್ರಹ್ಮಚಾರಿ ಸೂಕ್ತ. ಉಪನಯನ ಮಾಡುವ ಆಚಾರ್ಯನು ಶಿಷ್ಯನನ್ನು ತನ್ನೊಳಗೆ ಗರ್ಭವಾಗಿ ಧರಿಸುತ್ತಾನೆ, ಮೂರು ರಾತ್ರಿ ಹೊಟ್ಟೆಯಲ್ಲಿ ಹೊರುತ್ತಾನೆ ಎಂದು ಅದು ಹೇಳುತ್ತದೆ. ಸೋಮಯಾಗದ ದೀಕ್ಷಿತನ ಬಗ್ಗೆ ಋಗ್ವೇದಕ್ಕೆ ಸೇರಿದ ಯಜ್ಞವಿಧಿಯ ಗ್ರಂಥ ಐತರೇಯ ಬ್ರಾಹ್ಮಣವೂ ಇದೇ ದಾರಿಯಲ್ಲಿ ನಡೆಯುತ್ತದೆ: ಅವನು ಕೂರುವ ಗುಡಿಸಲೇ ಗರ್ಭ, ಹೊದ್ದ ಬಟ್ಟೆ ಭ್ರೂಣದ ಪೊರೆ, ಮುಷ್ಟಿ ಬಿಗಿಹಿಡಿದ ಅವನು ಇನ್ನೂ ಹುಟ್ಟದ ಶಿಶು. ಇದನ್ನು ಓದಿದ ದಿನ ಆ ಪಟ್ಟೆ ಶಾಲು ಏನೆಂಬುದು ನನಗೆ ಹೊಳೆಯಿತು. ಅದು ಮಾತನ್ನು ಮರೆಮಾಡುವ ಪರದೆಯಾಗಿರಲಿಲ್ಲ, ತಂದೆ ಮಗನನ್ನು ಹೊತ್ತ ಬಸಿರಾಗಿತ್ತು.

ಪ್ರಾಚೀನ ಗ್ರೀಕರಲ್ಲಿಯೂ ಇಂಥದ್ದೊಂದು ದೀಕ್ಷೆಯಿತ್ತು. ಅಥೆನ್ಸಿನಿಂದ ಸುಮಾರು 20 ಕಿಲೋಮೀಟರ್ ದೂರದ ಎಲ್ಯೂಸಿಸ್‌ನಲ್ಲಿ, ಧಾನ್ಯದೇವತೆ ಡಿಮೀಟರ್ ಮತ್ತು ಅವಳ ಮಗಳು ಪರ್ಸೆಫೊನೆಯ ಹೆಸರಿನಲ್ಲಿ ಅದು ನಡೆಯುತ್ತಿತ್ತು. ‘ದೀಕ್ಷಾರ್ಥಿಗಳೇ, ಸಮುದ್ರಕ್ಕೆ!’ ಎಂಬ ಕೂಗಿನೊಂದಿಗೆ ಎಲ್ಲರೂ ಕಡಲಿಗಿಳಿದು ಮೀಯುತ್ತಿದ್ದರು; ಗೋಕರ್ಣದಲ್ಲಿ ಸಮುದ್ರಸ್ನಾನ ಮುಗಿಸಿ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಕಡೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಂತರ ಉಪವಾಸ, ಮೆರವಣಿಗೆ, ಜವೆಯ ಪಾನೀಯ, ಕೊನೆಗೆ ರಾತ್ರಿ ಆ ದೊಡ್ಡ ಸಭಾಂಗಣದೊಳಗೆ ಪ್ರವೇಶ. ಒಳಗೆ ಕಂಡದ್ದನ್ನು ಹೊರಗೆ ಹೇಳಿದವನಿಗೆ ಮರಣದಂಡನೆಯಿತ್ತು. 4ನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ಆರಾಧನೆಗಳನ್ನು ನಿಷೇಧಿಸುವವರೆಗೆ, ಸುಮಾರು ಸಾವಿರ ವರ್ಷ, ಅಸಂಖ್ಯ ಜನರು ಅಲ್ಲಿಗೆ ಹೋಗಿ ಬಂದರು. ಅಲ್ಲಿಗೆ ಹೋಗುವವರು ಏನನ್ನೋ ಕಲಿಯುವುದಕ್ಕಲ್ಲ, ಏನನ್ನೋ ಅನುಭವಿಸುವುದಕ್ಕೆ ಹೋಗುತ್ತಾರೆ ಎಂಬರ್ಥದ ಮಾತು ಅರಿಸ್ಟಾಟಲನದೆಂದು ಉಳಿದುಬಂದಿದೆ. ಅಂಥ ದೀಕ್ಷೆಗೆ ಗ್ರೀಕರು ಇಟ್ಟ ‘ಮಿಸ್ಟೀರಿಯಾ’ ಎಂಬ ಹೆಸರಿನ ಮೂಲವನ್ನು ಕಣ್ಣು ಅಥವಾ ಬಾಯಿ ಮುಚ್ಚುವುದು ಎಂಬ ಕ್ರಿಯಾಪದದಲ್ಲಿ ಗುರುತಿಸುತ್ತಾರೆ.

ಎಲ್ಯೂಸಿಸ್ ಬಗ್ಗೆ ನನಗೆ ಇನ್ನೊಂದು ಕಾರಣಕ್ಕೂ ಪ್ರೀತಿ. ಗ್ರೀಕ್ ಭಾಷೆ ಬಲ್ಲ, ಕೊಲೆಯ ದೋಷವಿಲ್ಲದ ಯಾರಿಗಾದರೂ, ಹೆಂಗಸರಿಗೂ ಗುಲಾಮರಿಗೂ, ಅಲ್ಲಿ ಬಾಗಿಲು ತೆರೆದಿತ್ತು. ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ 12ನೆಯ ಶತಮಾನದಲ್ಲೇ ಎದ್ದಿತು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ನನಗೇಕೆ ಎಂದು ಬಾಲಕ ಬಸವಣ್ಣ ಕೇಳಿದನೆಂಬ ಕಥೆಯನ್ನು ಶಾಲೆಯಲ್ಲಿ ಕೇಳಿದಾಗ ನಾನು ಹಿತ್ತಿಲಲ್ಲಿ ನಿಂತಿದ್ದ ಆ ಮಧ್ಯಾಹ್ನವನ್ನು ನೆನೆದು ಅತ್ತಿದ್ದೆ. ಶರಣರ ದೀಕ್ಷೆ ಹೆಣ್ಣಿಗೂ ದೊರೆಯಿತು. ವೇಧಾ ದೀಕ್ಷೆಯಲ್ಲಿ ಗುರುವಿನ ಹಸ್ತ ತಲೆಯ ಮೇಲೆ, ಮಂತ್ರ ದೀಕ್ಷೆಯಲ್ಲಿ ಮಾತು ಕಿವಿಗೆ, ಕ್ರಿಯಾ ದೀಕ್ಷೆಯಲ್ಲಿ ಲಿಂಗ ಅಂಗೈಗೆ. ಎಲ್ಲಿಯೂ ಕೊಡುವ ಒಂದು ಕೈ ಇದೆ ಎಂಬುದನ್ನು ಗಮನಿಸಬೇಕು.

ಆ ಕೈ ಇಲ್ಲದೆ ದೀಕ್ಷೆ ಸಾಧ್ಯವೇ? ಜೆರಾಲ್ಡ್ ಗಾರ್ಡ್ನರ್ 20ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಹರಡಿದ ವಿಕ್ಕಾ ಎಂಬ ಹೊಸ ಪೇಗನ್ (ಕ್ರೈಸ್ತಪೂರ್ವ ಆರಾಧನೆಗಳ ಜಾಡಿನ) ಪಂಥದಲ್ಲಿ ಮೂರು ಹಂತದ ದೀಕ್ಷೆಯಿದೆ. ಅಲ್ಲಿ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ದೀಕ್ಷೆ ಕೊಡುವುದು ರೂಢಿ. ಅದೇ ಪಂಥದ ಡೊರೀನ್ ವಾಲಿಯೆಂಟೆ 1978ರಲ್ಲಿ ಒಬ್ಬಂಟಿಯಾಗಿ ತಾನೇ ದೀಕ್ಷೆ ತೆಗೆದುಕೊಳ್ಳುವ ವಿಧಿಯನ್ನು ಪ್ರಕಟಿಸಿ, ಮೊದಲನೆಯವರಿಗೆ ದೀಕ್ಷೆ ಕೊಟ್ಟವರು ಯಾರು ಎಂದು ಕೇಳಿದರು. ಬಾಗಿಲ ಹೊರಗೆ ನಿಂತವಳಾದ ನನಗೆ ಆ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೂ ಏಕಲವ್ಯ ನೆನಪಾಗುತ್ತಾನೆ. ತಿರಸ್ಕೃತನಾದ ಮೇಲೂ ಅವನು ಮಣ್ಣಿನಿಂದಲಾದರೂ ಒಬ್ಬ ಗುರುವನ್ನು ಮಾಡಿ ಎದುರಿಗಿಟ್ಟುಕೊಂಡ. ವಿದ್ಯೆ ತಾನಾಗಿ ಬಂದೀತು. ‘ನೀನು ಈಗ ನಮ್ಮವನು’ ಎಂಬ ಮಾತನ್ನು ಮಾತ್ರ ಇನ್ನೊಬ್ಬರ ಬಾಯಿಂದಲೇ ಕೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಕಾರವಾರದಲ್ಲಿ ನಮ್ಮ ಮನೆಗೆ ಮೀನು ತರುವ ಹುಡುಗನೊಬ್ಬ ಪ್ರತಿ ವರ್ಷ ಅಯ್ಯಪ್ಪ ಮಾಲೆ ಧರಿಸುತ್ತಾನೆ. ಗುರುಸ್ವಾಮಿ ಕೊರಳಿಗೆ ಮಾಲೆ ಹಾಕಿದ ದಿನದಿಂದ 41 ದಿನ ಕಪ್ಪು ಬಟ್ಟೆ, ಬರಿಗಾಲು, ನೆಲದ ಮೇಲೆ ನಿದ್ರೆ. ಆ ದಿನಗಳಲ್ಲಿ ಬೈತಖೋಲದ ಬಂದರಿನಲ್ಲಿ ದಿನವೂ ಅವನನ್ನು ಬೈದು ಕೆಲಸ ಮಾಡಿಸುವ ಹಿರಿಯರೇ ‘ಸ್ವಾಮಿ, ಸ್ವಲ್ಪ ಆ ಹಗ್ಗ ಹಿಡೀರಿ’ ಎನ್ನುವುದನ್ನು ನಾನು ಕೇಳಿದ್ದೇನೆ. ಹಾಗೆ ಕರೆಸಿಕೊಂಡಾಗ ಅವನ ಬೆನ್ನು ನೆಟ್ಟಗಾಗುತ್ತದೆ.

ಕಳೆದ ವೈಶಾಖದಲ್ಲಿ ತಮ್ಮನ ಮಗನ ಉಪನಯನವಾಯಿತು. ಶಾಲಿನ ಒಂದು ಅಂಚನ್ನು ಹಿಡಿಯಲು ತಮ್ಮ ನನ್ನನ್ನೇ ಕರೆದ. ಒಳಗಿನ ಪಿಸುಮಾತು ಪಾದ ಪಾದವಾಗಿ ನನ್ನ ಕಿವಿಗೆ ಬೀಳುವಷ್ಟು ಹತ್ತಿರ ನಿಂತಿದ್ದೆ. ಆ ಮಂತ್ರದ ಅಕ್ಷರ ಅಕ್ಷರವೂ ನನಗೆ ಎಷ್ಟೋ ವರ್ಷಗಳಿಂದ ಬಾಯಿಪಾಠ. ಆದರೂ ಅಷ್ಟು ಹೊತ್ತು ನನ್ನ ತುಟಿ ಅಲುಗಲಿಲ್ಲ. ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.